ದಿನಕ್ಕೆ ನಾಲ್ಕು ಪುಟ, ಮನಸ್ಸಿಗೊಂದು ಊಟ

ವೈದ್ಯರ ಬಳಿಗೆ ಹೋದಾಗ ಅವರು ಕೇಳುವ ಪ್ರಶ್ನೆಗಳು ನಿಮಗೆಲ್ಲ ಗೊತ್ತೇ ಇವೆ. ಹಸಿವೆ ಹೇಗಿದೆ? ನಿದ್ದೆ ಸರಿಯಾಗಿ ಬರುತ್ತದೆಯೇ? ಬಿ.ಪಿ. ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತೀರಾ? ಇವಕ್ಕೆಲ್ಲ ನಾವು ಥಟ್ಟನೆ ಉತ್ತರ ಹೇಳುತ್ತೇವೆ. ಈಗ ಇನ್ನೊಂದು ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಿ. ಕಳೆದ ಎರಡು ವಾರಗಳಲ್ಲಿ ನಿಮಗೆ ಯಾವ ಯಾವ ಕೆಲಸದಲ್ಲಿ ಖುಷಿ ಸಿಕ್ಕಿತು?

ಉತ್ತರ ಹೊಳೆಯಲು ತುಸು ಹೊತ್ತು ಬೇಕಾಯಿತೇ? ನಿಮ್ಮೊಬ್ಬರ ಪಾಡಲ್ಲ ಇದು. ಉಡುಪಿಯ ಬ್ಯಾಂಕ್ ನೌಕರನಿಗೂ, ಮಣಿಪಾಲದ ವಿದ್ಯಾರ್ಥಿಗೂ, ಕಾಪುವಿನ ಮನೆಯೊಡತಿಗೂ, ಕಾರ್ಕಳದ ನಿವೃತ್ತ ಮೇಷ್ಟ್ರಿಗೂ ಈ ಪ್ರಶ್ನೆ ಕಷ್ಟದ್ದೇ. ದಿನ ಹೋಗುತ್ತದೆ, ಕೆಲಸ ಸಾಗುತ್ತದೆ, ಆದರೆ ಖುಷಿ ಎಲ್ಲಿ ಸಿಕ್ಕಿತೆಂದು ಕೇಳಿದರೆ ಬಾಯಿ ಕಟ್ಟುತ್ತದೆ.

ಇದು ಹೊತ್ತು ಕಳೆಯಲು ಕೇಳುವ ಪ್ರಶ್ನೆಯಲ್ಲ. ಖಿನ್ನತೆಯನ್ನು ಬೇಗ ಗುರುತಿಸಲೆಂದು ಎರಡೇ ಪ್ರಶ್ನೆಗಳ ಒಂದು ಚಿಕ್ಕ ಪಟ್ಟಿ 2003ರಲ್ಲಿ ಪ್ರಕಟವಾಯಿತು. ಅನೇಕ ದೇಶಗಳ ವೈದ್ಯರು ಇಂದು ಅದನ್ನು ಬಳಸುತ್ತಾರೆ. ಎರಡನೆಯ ಪ್ರಶ್ನೆ, ಮನಸ್ಸು ಕುಗ್ಗಿದೆಯೇ ಎಂಬುದು. ಮೊದಲನೆಯದು, ಮಾಡುವ ಕೆಲಸದಲ್ಲಿ ಆಸಕ್ತಿ ಮತ್ತು ಸಂತೋಷ ಕಡಿಮೆಯಾಗಿದೆಯೇ ಎಂಬುದು. ಅಂದರೆ ದುಃಖ ಬರುವುದಷ್ಟೇ ಕಾಯಿಲೆಯ ಲಕ್ಷಣವಲ್ಲ, ಸುಖ ಬಾರದಿರುವುದೂ ಲಕ್ಷಣವೇ. ಮಿತಿಮೀರಿದರೆ ಅದಕ್ಕೆ ಚಿಕಿತ್ಸೆ ಬೇಕು. ಆ ಮಾತನ್ನು ಕೊನೆಯಲ್ಲಿ ಹೇಳುತ್ತೇನೆ. ಮಿತಿಮೀರುವ ಮೊದಲು ಮನೆಯಲ್ಲೇ ಮಾಡಬಹುದಾದ, ಹೆಚ್ಚು ಖರ್ಚಿಲ್ಲದ ಒಂದು ಉಪಾಯದ ಬಗ್ಗೆ ಈ ವಾರ ನೋಡೋಣ. ಅದು ಓದು, ಬದುಕಿನ ಕಡೆಗೆ ನಮ್ಮನ್ನು ಮತ್ತೆ ತಿರುಗಿಸುವ ಓದು.

ಸುಭಾಷಿತದಿಂದ ಹೊಟ್ಟೆ ತುಂಬುವುದೇ?

‘ಸ್ಫೂರ್ತಿ ಕೊಡುವ ಓದು ನಮಗೇನೂ ಕೊರತೆಯಿಲ್ಲ, ಬೆಳಿಗ್ಗೆ ಎದ್ದ ಕೂಡಲೇ ಮೊಬೈಲಿನಲ್ಲಿ ಇಪ್ಪತ್ತು ಸುಭಾಷಿತಗಳು ಬಂದು ಬಿದ್ದಿರುತ್ತವೆ’ ಎಂದು ನೀವು ಹೇಳಬಹುದು. ನಿಜ. ಸೂರ್ಯೋದಯದ ಚಿತ್ರ, ಅದರ ಮೇಲೊಂದು ಹಿತನುಡಿ, ಕೆಳಗೆ ಶುಭೋದಯ. ಅದನ್ನು ನೋಡುತ್ತೇವೆ, ಇನ್ನೊಬ್ಬರಿಗೆ ದಾಟಿಸುತ್ತೇವೆ, ಅಲ್ಲಿಗೆ ಮುಗಿಯಿತು. ಮಧ್ಯಾಹ್ನ ಅದರಲ್ಲಿ ಏನಿತ್ತೆಂದು ಕೇಳಿದರೆ ನೆನಪಿರುವುದಿಲ್ಲ. ಪುಸ್ತಕದ ಅಂಗಡಿಗೆ ಹೋದರೆ, ಇಷ್ಟು ದಿನಗಳಲ್ಲಿ ಯಶಸ್ಸು, ಇಷ್ಟು ಸೂತ್ರಗಳಲ್ಲಿ ಶ್ರೀಮಂತಿಕೆ ಎಂಬ ಪುಸ್ತಕಗಳ ಸಾಲೇ ಇರುತ್ತದೆ.

ಇವೆಲ್ಲ ಕೆಟ್ಟವು ಎಂದು ಹೇಳುತ್ತಿಲ್ಲ. ಆದರೆ ಇವುಗಳಿಂದ ಎಲ್ಲರಿಗೂ ಒಳ್ಳೆಯದಾಗುತ್ತದೆಂಬ ನಂಬಿಕೆ ಸರಿಯಲ್ಲ. ಕೆನಡಾದ ಮನಃಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಗಮನಾರ್ಹ. ತಮ್ಮ ಬಗ್ಗೆ ತಮಗೇ ಗೌರವ ಕಡಿಮೆಯಿರುವವರಿಗೆ, ತಾನು ಎಲ್ಲರ ಪ್ರೀತಿಗೆ ಯೋಗ್ಯ ಎಂಬ ಅರ್ಥದ ವಾಕ್ಯವನ್ನು ಮತ್ತೆ ಮತ್ತೆ ಹೇಳಿಕೊಳ್ಳಲು ತಿಳಿಸಲಾಯಿತು. ಅವರ ಮನಸ್ಸು ಮೇಲೇಳಲಿಲ್ಲ, ಇನ್ನಷ್ಟು ಕುಗ್ಗಿತು. ಆತ್ಮವಿಶ್ವಾಸ ಮೊದಲೇ ಇದ್ದವರಿಗೆ ಮಾತ್ರ ತುಸು ಲಾಭವಾಯಿತು. ಹಸಿದವನಿಗೆ ನಿನ್ನ ಹೊಟ್ಟೆ ತುಂಬಿದೆಯೆಂದು ಹೇಳಿದರೆ ಹಸಿವೆ ಇಂಗೀತೇ? ಒಳಗೆ ಕತ್ತಲೆಯಿರುವವನಿಗೆ ಬರಿಯ ಘೋಷಣೆ ಕೊಟ್ಟರೆ, ಎಲ್ಲರಿಗೂ ಸಾಧ್ಯವಾದದ್ದು ತನಗೊಬ್ಬನಿಗೇ ಆಗುತ್ತಿಲ್ಲವಲ್ಲ ಎಂಬ ಕೊರಗು ಹೆಚ್ಚುತ್ತದೆ.

ಹಾಗಾದರೆ ಎಂಥ ಓದು ಬೇಕು? ಗೆಲ್ಲುವುದನ್ನು ಕಲಿಸುವ ಓದಿಗಿಂತ ಗಮನಿಸುವುದನ್ನು ಕಲಿಸುವ ಓದು ನಮಗೆ ಹೆಚ್ಚು ಬೇಕಾಗಿದೆ ಎಂಬುದು ನನ್ನ ಅಭಿಪ್ರಾಯ. ದಿನನಿತ್ಯದ ಖುಷಿ ದೊಡ್ಡ ಗೆಲುವಿನಿಂದ ಬರುವುದು ಅಪರೂಪ. ಹೆಂಚಿನ ಮೇಲೆ ಬಿದ್ದ ಮೊದಲ ಮಳೆಯ ಸದ್ದು, ಬಿಸಿ ಗಂಜಿಯ ಜತೆ ಮಿಡಿ ಉಪ್ಪಿನಕಾಯಿ, ಶಾಲೆಯಿಂದ ಬಂದ ಮಗು ಹೇಳುವ ಪ್ರವರ, ಇಂಥವುಗಳಿಂದಲೇ ಅದು ಬರುತ್ತದೆ. ಇವೆಲ್ಲ ಇಂದಿಗೂ ನಮ್ಮ ಸುತ್ತ ಇವೆ. ಇವನ್ನು ನೋಡುವ ಕಣ್ಣಿಗೆ ರೂಢಿಯ ಪೊರೆ ಬಂದಿದೆ. ಒಳ್ಳೆಯ ಪುಸ್ತಕ ಆ ಪೊರೆಯನ್ನು ತೆಗೆಯುತ್ತದೆ.

ನಂದಳಿಕೆಯ ಮೇಷ್ಟ್ರು ಕಲಿಸಿದ್ದು

ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ 1870ರಲ್ಲಿ ಲಕ್ಷ್ಮೀನಾರಣಪ್ಪ ಎಂಬವರು ಹುಟ್ಟಿದರು. ಬಡ ಮನೆತನ. ಓದು ಮುಂದುವರಿಸುವ ಅನುಕೂಲವಿರಲಿಲ್ಲ. ಅಂಗಸಾಧನೆಯ ತರಬೇತಿ ಪಡೆದು ಉಡುಪಿಯಲ್ಲಿಯೂ ಕುಂದಾಪುರದಲ್ಲಿಯೂ ವ್ಯಾಯಾಮ ಶಿಕ್ಷಕರಾಗಿ ದುಡಿದರು. ಕ್ಷಯರೋಗಕ್ಕೆ ಔಷಧವೇ ಇಲ್ಲದ ಕಾಲ ಅದು. 1901ರಲ್ಲಿ, 31ನೆಯ ವಯಸ್ಸಿಗೇ, ಅದೇ ರೋಗಕ್ಕೆ ತುತ್ತಾದರು. ಈ ಡ್ರಿಲ್ ಮಾಸ್ತರರೇ ಕನ್ನಡಿಗರು ಅಕ್ಕರೆಯಿಂದ ನೆನೆಯುವ ಕವಿ ಮುದ್ದಣ.

ಅವರ ‘ರಾಮಾಶ್ವಮೇಧ’ದ ಒಂದು ಭಾಗವನ್ನಾದರೂ ನೀವು ಶಾಲೆಯ ಪಠ್ಯದಲ್ಲಿ ಓದಿರುತ್ತೀರಿ. ಕಥೆ ರಾಮನದು. ಆದರೆ ನೆನಪಿನಲ್ಲಿ ಉಳಿಯುವುದು ಕಥೆ ಹೇಳುವ ಮುದ್ದಣ ಮತ್ತು ಕೇಳುವ ಹೆಂಡತಿ ಮನೋರಮೆ. ಮಳೆಗಾಲ, ಹೊತ್ತು ಹೋಗದು, ಕಥೆ ಹೇಳೆಂದು ಹೆಂಡತಿಯ ಒತ್ತಾಯ. ಯಾವ ಕಥೆ ಹೇಳಬೇಕು, ಪದ್ಯದಲ್ಲೋ ಗದ್ಯದಲ್ಲೋ ಎಂಬುದಕ್ಕೂ ಚರ್ಚೆ. ಅರ್ಥವಾಗದ ಸಂಸ್ಕೃತ ಬಂದರೆ ಅವಳು ಬಿಡುವವಳಲ್ಲ, ಅಲ್ಲೇ ತಡೆದು ಕೇಳುತ್ತಾಳೆ. ಅವನು ಕೆಣಕುತ್ತಾನೆ, ಅವಳು ಮುನಿಯುತ್ತಾಳೆ, ಮತ್ತೆ ಇಬ್ಬರೂ ನಗುತ್ತಾರೆ. ಅಲ್ಲಿ ನಡೆಯುವುದು ಇಷ್ಟೇ.

ಆದರೆ ಈ ‘ಇಷ್ಟೇ’ ಎಂಬುದರಲ್ಲಿ ಎಷ್ಟಿದೆ ನೋಡಿ. ಗಂಡ ಹೆಂಡತಿ ಜತೆಯಾಗಿ ಕುಳಿತಿದ್ದಾರೆ. ಮಧ್ಯೆ ಒಂದು ಕಥೆಯಿದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳುತ್ತಿದ್ದಾರೆ, ಪ್ರಶ್ನಿಸುತ್ತಿದ್ದಾರೆ. ಹಣ ಖರ್ಚಾಗಲಿಲ್ಲ, ಊರು ಬಿಟ್ಟು ಪ್ರವಾಸ ಹೋಗಲಿಲ್ಲ. ಸಂಬಳ ಕಡಿಮೆಯಿದ್ದ, ಆರೋಗ್ಯ ಕೈಕೊಟ್ಟ ಮನುಷ್ಯನೊಬ್ಬ ಮನೆಯೊಳಗಿನ ಒಂದು ಸಂಜೆಯನ್ನು ಇಷ್ಟು ಸವಿಯಾಗಿ ಕಂಡನಲ್ಲ! ಇಂದು ನಮ್ಮ ಮನೆಗಳಲ್ಲಿ ಅದೇ ಮಳೆ ಸುರಿಯುತ್ತದೆ. ಒಬ್ಬರ ಕೈಯಲ್ಲಿ ಮೊಬೈಲು, ಇನ್ನೊಬ್ಬರ ಎದುರು ಟಿ.ವಿ. ಧಾರಾವಾಹಿ. ಮಾತು ಬರುವುದು ಕರೆಂಟು ಹೋದಾಗ ಮಾತ್ರ.

ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ನಿಲ್ಲಿಸಿದ ಸುಮಾರು 42 ಅಡಿಯ ಬಾಹುಬಲಿಯನ್ನು ನೀವು ನೋಡಿದ್ದೀರಿ. ಎಲ್ಲವನ್ನೂ ಬಿಟ್ಟು ನಿಂತ ತಮ್ಮ ಆತ. ಅವನ ಅಣ್ಣ ಭರತನ ಕಥೆಯನ್ನು ಹದಿನಾರನೆಯ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿ ‘ಭರತೇಶ ವೈಭವ’ದಲ್ಲಿ ಹಾಡಿದ. ಆ ಭರತ ಅರಮನೆ ಬಿಟ್ಟು ಓಡಲಿಲ್ಲ. ಊಟ, ಸಂಗೀತ, ಸಂಸಾರ, ರಾಜ್ಯಭಾರ ಎಲ್ಲದರ ನಡುವೆ ಇದ್ದುಕೊಂಡೇ ಮನಸ್ಸನ್ನು ಹದದಲ್ಲಿಟ್ಟವನಾಗಿ ಅಲ್ಲಿ ಕಾಣುತ್ತಾನೆ. ಭೋಗ ಮತ್ತು ಯೋಗ ಒಂದೇ ಮನೆಯಲ್ಲಿ ಬಾಳಬಹುದೆಂದು ನಮ್ಮ ನೆಲದ ಕವಿ ನಾನೂರು ವರ್ಷಗಳ ಹಿಂದೆಯೇ ತೋರಿಸಿದ್ದಾನೆ. ಸುಖಪಡುವುದೇ ತಪ್ಪೆಂಬ ಅಳುಕು ನಮ್ಮ ಹಿರಿಯರಲ್ಲಿ ಹಲವರಿಗಿದೆ. ಮಕ್ಕಳಿಗಾಗಿ ದುಡಿದದ್ದೇ ಬದುಕಾಯಿತು, ತಮಗೆಂದು ಒಂದು ಗಳಿಗೆ ಕೂರಲು ಮನಸ್ಸೊಪ್ಪದು. ಅಂಥವರಿಗೆ ಈ ಕಾವ್ಯ ಒಳ್ಳೆಯ ಮದ್ದು.

ಕೋಟದ ಶಿವರಾಮ ಕಾರಂತರನ್ನು ಮರೆಯಲಾದೀತೇ? 1902ರಲ್ಲಿ ಹುಟ್ಟಿ 1997ರವರೆಗೆ ಬಾಳಿದ ಅವರು ಯಕ್ಷಗಾನ, ಕಾದಂಬರಿ, ವಿಜ್ಞಾನ, ಪರಿಸರ ಎಂದು ಒಂದಾದ ಮೇಲೊಂದು ಕಡೆಗೆ ಹೊರಳಿದರು. ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಬಗ್ಗೆ ಪುಸ್ತಕ ಬರೆಯಲು ಕುಳಿತರು. ಅವರ ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಓದಿ ನೋಡಿ. ಅದರಲ್ಲಿ ಉಪದೇಶ ಹುಡುಕಿದರೆ ನಿರಾಶೆಯಾದೀತು. ಸೋಲು, ಸಾಲ, ಕೈಗೂಡದ ಪ್ರಯೋಗಗಳು ಬೇಕಾದಷ್ಟಿವೆ. ಆದರೆ ಪುಸ್ತಕ ಮುಚ್ಚಿಟ್ಟ ಮೇಲೆ, ಹಿತ್ತಿಲಲ್ಲಿ ಕೂಗುವ ಹಕ್ಕಿ ಯಾವುದೆಂದು ಎದ್ದುಹೋಗಿ ನೋಡಬೇಕೆನಿಸುತ್ತದೆ. ಹಾಗೆ ಎದ್ದು ಹೋಗುವಂತೆ ಮಾಡುವುದೇ ಸ್ಫೂರ್ತಿ.

ವಿಜ್ಞಾನ ಏನೆನ್ನುತ್ತದೆ?

ಓದನ್ನು ಚಿಕಿತ್ಸೆಯ ಭಾಗವಾಗಿ ನೋಡುವುದು ಹೊಸ ವಿಚಾರವಲ್ಲ. ಬಿಬ್ಲಿಯೋಥೆರಪಿ, ಅಂದರೆ ಪುಸ್ತಕ ಚಿಕಿತ್ಸೆ ಎಂಬ ಪದ ಅಮೆರಿಕದ ಮಾಸಪತ್ರಿಕೆಯೊಂದರಲ್ಲಿ 1916ರಲ್ಲೇ ಕಾಣಿಸಿಕೊಂಡಿತು. ಇಂಗ್ಲೆಂಡಿನಲ್ಲಿ 2013ರಿಂದ ವೈದ್ಯರು ಲಘು ಖಿನ್ನತೆ, ಆತಂಕ ಇರುವವರಿಗೆ ಆಯ್ದ ಪುಸ್ತಕಗಳನ್ನು ಚೀಟಿ ಬರೆದು ಸೂಚಿಸುವ, ಆ ಪುಸ್ತಕ ಸಾರ್ವಜನಿಕ ಗ್ರಂಥಾಲಯದಲ್ಲಿ ಸಿಗುವಂತೆ ಮಾಡುವ ವ್ಯವಸ್ಥೆಯೊಂದು ನಡೆದು ಬಂದಿದೆ. ಆಲೋಚನೆಯ ತಪ್ಪು ಜಾಡನ್ನು ಗುರುತಿಸಿ ತಿದ್ದಿಕೊಳ್ಳುವುದನ್ನು ಹಂತಹಂತವಾಗಿ ಕಲಿಸುವ ಪುಸ್ತಕಗಳಿಂದ ಲಘು ಖಿನ್ನತೆಯಲ್ಲಿ ಪ್ರಯೋಜನವಿದೆ, ಅದರಲ್ಲೂ ಮಾರ್ಗದರ್ಶನ ಮಾಡುವವರೊಬ್ಬರು ಜತೆಗಿದ್ದರೆ ಹೆಚ್ಚು ಪ್ರಯೋಜನವಿದೆ ಎಂದು ಸಂಶೋಧನೆಗಳು ತೋರಿಸಿವೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 50 ವರ್ಷ ಮೀರಿದ 3,635 ಮಂದಿಯ ವಿವರಗಳನ್ನು 12 ವರ್ಷಗಳ ಕಾಲ ಪರಿಶೀಲಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಪುಸ್ತಕ ಓದುವವರಲ್ಲಿ ಆ ಅವಧಿಯಲ್ಲಿ ಸಾವಿನ ಸಂಭವ, ಓದದವರಿಗಿಂತ ಶೇಕಡಾ 20ರಷ್ಟು ಕಡಿಮೆ ಇತ್ತು. ಆಯುಸ್ಸಿನಲ್ಲಿ ಸುಮಾರು 23 ತಿಂಗಳ ಅಂತರ ಕಂಡಿತು. ದಿನಪತ್ರಿಕೆ, ವಾರಪತ್ರಿಕೆಗಳ ಓದಿಗಿಂತ ಪುಸ್ತಕದ ಓದಿನಲ್ಲಿ ಈ ಲಾಭ ಹೆಚ್ಚಿತ್ತೆಂಬುದನ್ನು ದಿನಪತ್ರಿಕೆಯಲ್ಲೇ ಬರೆಯಬೇಕಾಗಿ ಬಂದಿದೆ!

ಆದರೆ ಎಚ್ಚರ. ಓದಿದ್ದರಿಂದಲೇ ಆಯುಸ್ಸು ಹೆಚ್ಚಿತೆಂದು ಇದರಿಂದ ಖಚಿತವಾಗುವುದಿಲ್ಲ. ಓದುವವರ ಬದುಕಿನಲ್ಲಿ ನಮ್ಮ ಲೆಕ್ಕಕ್ಕೆ ಸಿಗದ ಬೇರೆ ಅನುಕೂಲಗಳೂ ಇದ್ದಿರಬಹುದು. ವಿದ್ಯಾಭ್ಯಾಸ, ಆದಾಯ, ಆರೋಗ್ಯ ಮುಂತಾದವುಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅಂತರ ಉಳಿಯಿತು ಎನ್ನುವುದಷ್ಟೇ ಸತ್ಯ. ಪುಸ್ತಕ ಹಿಡಿಯಲು ಇಷ್ಟು ಸಾಕ್ಷ್ಯ ಸಾಕು, ಮಾತ್ರೆ ಬಿಡಲು ಸಾಲದು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಮನಸ್ಸು ಕುಗ್ಗಿದಾಗ ನಾವು ಕೆಲಸಗಳನ್ನು ಒಂದೊಂದಾಗಿ ಬಿಡುತ್ತೇವೆ. ಬಿಟ್ಟಷ್ಟೂ ಖುಷಿಯ ಅವಕಾಶ ಕಡಿಮೆಯಾಗುತ್ತದೆ. ಖುಷಿ ಕಡಿಮೆಯಾದಷ್ಟೂ ಮನಸ್ಸು ಇನ್ನೂ ಕುಗ್ಗುತ್ತದೆ. ಗಾಣದೆತ್ತಿನ ಈ ಸುತ್ತನ್ನು ಮುರಿಯಲು ಚಿಕಿತ್ಸಕರು, ಉತ್ಸಾಹ ಬರಲೆಂದು ಕಾಯಬೇಡಿ, ಮೊದಲು ಒಂದು ಸಣ್ಣ ಕೆಲಸ ಮಾಡಿ, ಉತ್ಸಾಹ ಆಮೇಲೆ ಬರುತ್ತದೆ ಎಂದು ಹೇಳುತ್ತಾರೆ. ಹಾಗಾಗಿ ಓದು ಓದಿನಲ್ಲೇ ನಿಲ್ಲಬಾರದು. ಹೂವಿನ ಬಗ್ಗೆ ಓದಿದ ದಿನ ಒಂದು ಗಿಡಕ್ಕೆ ನೀರೆರೆಯಿರಿ. ಗೆಳೆತನದ ಕಥೆ ಓದಿದ ದಿನ ಹಳೆಯ ಗೆಳೆಯನಿಗೆ ಫೋನು ಮಾಡಿ. ಪುಟದಿಂದ ಅಂಗಳಕ್ಕೆ ಇಳಿದರೆ ಮಾತ್ರ ಓದು ಔಷಧ.

ಒಬ್ಬರು ಓದಲಿ, ನಾಲ್ವರು ಕೇಳಲಿ

ನಮ್ಮ ಕರಾವಳಿಯಲ್ಲಿ ಓದು ಎಂದರೆ ಒಬ್ಬರೇ ಮೂಲೆಯಲ್ಲಿ ಕುಳಿತು ಮಾಡುವ ಕೆಲಸವಾಗಿರಲಿಲ್ಲ. ಮಳೆಗಾಲದಲ್ಲಿ, ಗದ್ದೆಯ ಕೆಲಸ ಮುಗಿದ ಆಟಿಯ ದಿನಗಳಲ್ಲಿ, ಚಾವಡಿಯಲ್ಲಿ ದೀಪವಿಟ್ಟು ಒಬ್ಬರು ಭಾರತವನ್ನೋ ರಾಮಾಯಣವನ್ನೋ ರಾಗವಾಗಿ ಓದುವುದು, ತಿಳಿದವರು ಅರ್ಥ ಹೇಳುವುದು, ಮನೆಮಂದಿ, ನೆರೆಯವರು ಕುಳಿತು ಕೇಳುವುದು ಎಷ್ಟೋ ಮನೆಗಳಲ್ಲಿ ರೂಢಿಯಿತ್ತು. ಅಕ್ಷರ ಬಾರದ ಅಜ್ಜಿಗೂ ಕರ್ಣನ ಕಥೆ ಬಾಯಿಗೆ ಬರುತ್ತಿದ್ದುದು ಹೀಗೆ. ತಾಳಮದ್ದಲೆಯಲ್ಲಿ ಇಂದಿಗೂ ನಾವು ಸವಿಯುವುದು ಇದನ್ನೇ, ಮಾತಿನ ಸುಖವನ್ನು.

ಈ ರೂಢಿ ಈಗ ಎಲ್ಲಕ್ಕಿಂತ ಹೆಚ್ಚು ಬೇಕಾಗಿದೆ. ಏಕೆಂದರೆ ನಮ್ಮ ಜಿಲ್ಲೆಯ ಮನೆಗಳು ದೊಡ್ಡವು, ಅದರೊಳಗಿನ ಜನ ಇಬ್ಬರು. ಒಮ್ಮೊಮ್ಮೆ ಒಬ್ಬರೇ. ಮಗ ಮುಂಬಯಿಯಲ್ಲಿ, ಮಗಳು ದುಬಾಯಿಯಲ್ಲಿ, ಇನ್ನೊಬ್ಬ ಬೆಂಗಳೂರಿನಲ್ಲಿ. ತಿಂಗಳು ತಿಂಗಳು ಹಣ ಬರುತ್ತದೆ. ಫ್ರಿಜ್ಜಿನಲ್ಲಿ ಔಷಧವಿದೆ, ಗೇಟಿಗೆ ಬೀಗವಿದೆ. ಮಾತಾಡುವವರಿಲ್ಲ. ಸಂಜೆ ಐದರಿಂದ ರಾತ್ರಿ ಒಂಬತ್ತರವರೆಗಿನ ಆ ನಾಲ್ಕು ಗಂಟೆಗಳು ಎಷ್ಟು ಉದ್ದವೆಂಬುದು ಅದನ್ನು ಕಳೆಯುವವರಿಗೇ ಗೊತ್ತು. ಒಂಟಿತನ ಮನಸ್ಸನ್ನಷ್ಟೇ ಅಲ್ಲ, ಹೃದಯದ ಆರೋಗ್ಯವನ್ನೂ ನೆನಪಿನ ಶಕ್ತಿಯನ್ನೂ ಕೆಡಿಸುತ್ತದೆಂದು ವೈದ್ಯಲೋಕ ಈಗ ಗಂಭೀರವಾಗಿ ಹೇಳುತ್ತಿದೆ.

ದೂರದಲ್ಲಿರುವ ಮಕ್ಕಳೇ, ನಿಮಗೊಂದು ಸೂಚನೆ. ಫೋನು ಮಾಡಿ ‘ಊಟ ಆಯಿತಾ, ಮಾತ್ರೆ ತೆಗೆದುಕೊಂಡಿರಾ’ ಎಂದಷ್ಟೇ ಕೇಳಿ ಇಡಬೇಡಿ. ವಾರಕ್ಕೆರಡು ಸಲ ‘ಅಮ್ಮ, ಎರಡು ಪುಟ ಓದುತ್ತೇನೆ, ಕೇಳು’ ಎನ್ನಿ. ಅಥವಾ ‘ಅಪ್ಪ, ನೀವು ಓದಿ, ನಾನು ಕೇಳುತ್ತೇನೆ’ ಎನ್ನಿ. ಮಾತ್ರೆಯ ವಿಚಾರ ಬಿಟ್ಟು ಬೇರೆ ಮಾತು ನಿಮ್ಮ ನಡುವೆ ಹುಟ್ಟುತ್ತದೆ. ಪುಸ್ತಕದ ಪಾತ್ರವೊಂದರ ನೆಪದಲ್ಲಿ ತಾಯಿ ತಮ್ಮ ಬಾಲ್ಯದ ಸಂಗತಿ ಹೇಳಿಯಾರು. ಅದು ನೀವು ಎಂದೂ ಕೇಳಿರದ ಸಂಗತಿಯಾಗಿದ್ದೀತು.

ಕಾಪುವಿನ ಬಳಿಯ ಶಂಕರಪುರದ ಕಡೆ ಬೆಳಗಾಯಿತೆಂದರೆ ಮನೆಮನೆಯಲ್ಲೂ ಮಲ್ಲಿಗೆ ಕೊಯ್ಯುವುದು, ಬಾಳೆನಾರಿನಲ್ಲಿ ಕಟ್ಟುವುದು. ಕೈಗೆ ಕೆಲಸವಿದೆ, ಕಿವಿ ಖಾಲಿಯಿದೆ. ಹೂ ಕಟ್ಟುವವರ ನಡುವೆ ಒಬ್ಬರು, ಶಾಲೆಗೆ ರಜೆಯಿರುವ ಮಗುವೇ ಆದೀತು, ದೊಡ್ಡದಾಗಿ ಓದಲಿ. ಅಟ್ಟೆ ಮುಗಿಯುವುದರೊಳಗೆ ಒಂದು ಕಥೆಯೂ ಮುಗಿಯುತ್ತದೆ. ಮಗುವಿಗೆ ಉಚ್ಚಾರಣೆ ತಿದ್ದುತ್ತದೆ, ಹಿರಿಯರಿಗೆ ಹೊತ್ತು ಹೋಗುತ್ತದೆ. ಹೀಗೆ ಹಪ್ಪಳ ಮಾಡುವಾಗ, ಹಲಸಿನ ಬೀಜ ಸುಲಿಯುವಾಗ, ಬಲೆ ಹೆಣೆಯುವಾಗಲೂ ಮಾಡಬಹುದಲ್ಲವೇ?

ಹೀಗೆ ಆರಂಭಿಸಿ

1. ಮೊದಲು ಕಣ್ಣು ತೋರಿಸಿ. ಓದುವ ಆಸಕ್ತಿ ಹೋಯಿತೆಂದು ಹೇಳುವವರಲ್ಲಿ ಅನೇಕರಿಗೆ ನಿಜವಾಗಿ ಹೋಗಿರುವುದು ಹತ್ತಿರದ ದೃಷ್ಟಿ. ನಲವತ್ತರ ಸುಮಾರಿಗೆ ಕಣ್ಣಿನ ಮಸೂರ ಬಾಗುವ ಗುಣ ಕಳೆದುಕೊಳ್ಳುತ್ತದೆ. ಇದೇ ಚಾಳೀಸು. ಕನ್ನಡಕ ಹಾಕಿಕೊಂಡರೆ ಸರಿಹೋಗುತ್ತದೆ. ಅರವತ್ತು ದಾಟಿದವರಲ್ಲಿ ಕಣ್ಣಿನ ಪೊರೆ ಇದೆಯೇ ನೋಡಿಸಿ. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಕಣ್ಣಿನ ಒಳಪದರವನ್ನು ಪರೀಕ್ಷಿಸಿಕೊಳ್ಳಲೇಬೇಕು.

2. ಬೆಳಕು ಸಾಕಷ್ಟಿರಲಿ. ಅರವತ್ತರ ಕಣ್ಣಿಗೆ ಇಪ್ಪತ್ತರ ಕಣ್ಣಿಗಿಂತ ಸುಮಾರು ಮೂರು ಪಟ್ಟು ಬೆಳಕು ಬೇಕು. ಹಗಲಾದರೆ ಜಗಲಿಯಲ್ಲಿ ಕುಳಿತು ಓದಿ. ರಾತ್ರಿಯಾದರೆ ಭುಜದ ಹಿಂದಿನಿಂದ ಪುಟದ ಮೇಲೆ ಬೀಳುವಂತೆ ದೀಪವಿಡಿ.

3. ನಾಲ್ಕೇ ಪುಟ ಸಾಕು. ಇಡೀ ಪುಸ್ತಕ ಮುಗಿಸುವ ಶಪಥ ಬೇಡ. ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕುಳಿತು ಓದಿ. ಊಟ, ಸ್ನಾನದಂತೆ ಅದೂ ರೂಢಿಯಾಗಲಿ. ಓದುವಾಗ ಮೊಬೈಲು ಇನ್ನೊಂದು ಕೋಣೆಯಲ್ಲಿರಲಿ.

4. ಮಲಗುವ ಮುನ್ನ ಕಾಗದದ ಪುಸ್ತಕವೇ ಒಳ್ಳೆಯದು. ಬೆಳಕು ಸೂಸುವ ಪರದೆಯಲ್ಲಿ ಓದಿ ಮಲಗಿದವರಿಗೆ ನಿದ್ದೆ ತಡವಾಗಿ ಬಂದುದನ್ನು, ನಿದ್ದೆ ತರುವ ಮೆಲಟೋನಿನ್ ಹಾರ್ಮೋನು ಕಡಿಮೆಯಾದುದನ್ನು 2014ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಹನ್ನೆರಡೇ ಮಂದಿಯ ಮೇಲೆ ನಡೆದ ಚಿಕ್ಕ ಪ್ರಯೋಗವಾದರೂ ಪಾಲಿಸಿದರೆ ನಷ್ಟವಿಲ್ಲ.

5. ನಿಮ್ಮ ಮನಸ್ಸಿಗೆ ಹಿಡಿಸುವುದನ್ನು ಆರಿಸಿ. ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ 1943ರಿಂದ ಕನ್ನಡಿಗರಿಗೆ ಆಸರೆಯಾಗಿದೆ. ದಿನಕ್ಕೊಂದು ಪದ್ಯದಂತೆ ಓದಿದರೂ ಅದರ 945 ಪದ್ಯಗಳು ಎರಡೂವರೆ ವರ್ಷಕ್ಕೆ ಸಾಕು. ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ ಎಷ್ಟೋ ಮನೆಗಳ ಕಪಾಟಿನಲ್ಲಿದೆ, ಧೂಳು ಕೊಡವಿದರಾಯಿತು. ನಗು ಬೇಕೆನಿಸಿದರೆ ಗೊರೂರು ಅಥವಾ ಬೀchi ಎಂದು ತಾವೇ ಕರೆದುಕೊಂಡ ಬೀಚಿ. ಕಾಡು, ಜೇನು, ಹಾರುವ ಓತಿ ಬೇಕೆನಿಸಿದರೆ ತೇಜಸ್ವಿಯವರ ‘ಕರ್ವಾಲೊ’. ಮನೆಯೊಳಗಿನ ಹೆಣ್ಣುಮಕ್ಕಳ ಲೋಕ ಬೇಕೆನಿಸಿದರೆ ಕುಂದಾಪುರದಲ್ಲಿ ಹುಟ್ಟಿದ ವೈದೇಹಿಯವರ ಕಥೆಗಳು. ಹತ್ತು ಪುಟ ಓದಿದರೂ ಹಿಡಿಸದಿದ್ದರೆ ಬಿಟ್ಟುಬಿಡಿ. ಅದು ಪರೀಕ್ಷೆಯ ಪಠ್ಯವಲ್ಲ.

6. ಒಂದು ಸಾಲು ಬರೆದಿಡಿ. ಓದು ಮುಗಿದ ಮೇಲೆ ಹಳೆಯ ಡೈರಿಯಲ್ಲಿ ಆ ದಿನ ಕಂಡ ಒಂದು ಒಳ್ಳೆಯ ಸಂಗತಿಯನ್ನು ಬರೆಯಿರಿ. ಬಸ್ಸಿನಲ್ಲಿ ಯಾರೋ ಸೀಟು ಬಿಟ್ಟುಕೊಟ್ಟರು, ಬಸಳೆ ಚಪ್ಪರ ಹಬ್ಬಿತು, ಇಷ್ಟು ಸಾಕು. ಹೀಗೆ ಬರೆಯುವವರ ಮನಸ್ಸು ತುಸು ಹಗುರವಾಗುತ್ತದೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಗುರುತಿಸಿತು.

ಪುಸ್ತಕ ಕೊಳ್ಳಲು ಹಣವಿಲ್ಲವೆಂಬ ಚಿಂತೆ ಬೇಡ. 1965ರ ಕಾಯಿದೆಯಿಂದಾಗಿ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಜಾಲವೇ ಇದೆ. ನೀವು ಕಟ್ಟುವ ಆಸ್ತಿ ತೆರಿಗೆಯೊಂದಿಗೆ ಶೇಕಡಾ 6ರ ಗ್ರಂಥಾಲಯ ಕರವನ್ನೂ ಕಟ್ಟುತ್ತೀರಿ. ರಶೀದಿ ತೆಗೆದು ನೋಡಿ. ಹಣ ಕಟ್ಟಿ ಊಟ ಮಾಡದೆ ಏಳುವವರುಂಟೇ? ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳೂ ಆಗಿವೆ. ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಎಂಬ ಕಾರ್ಯಕ್ರಮ 2020ರಲ್ಲಿ ಆರಂಭವಾಯಿತು. ಮೊಮ್ಮಗನನ್ನು ಕರೆದುಕೊಂಡು ನಡೆದುಹೋಗಿ. ಪುಸ್ತಕವೂ ಬಂತು, ವ್ಯಾಯಾಮವೂ ಆಯಿತು.

ಪುಸ್ತಕ ಸಾಲದೆ ಹೋದಾಗ

ಈಗ ಮೊದಲು ಹೇಳಿದ ಎಚ್ಚರಿಕೆಯ ಮಾತು. ಎರಡು ವಾರಕ್ಕಿಂತ ಹೆಚ್ಚು ಕಾಲ, ದಿನದ ಹೆಚ್ಚಿನ ಹೊತ್ತು ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ, ನಿದ್ದೆ, ಹಸಿವೆ ಕೆಟ್ಟಿದ್ದರೆ, ಬೆಳಗಿನ ಜಾವ ಎಚ್ಚರವಾಗಿ ಸಂಕಟವಾಗುತ್ತಿದ್ದರೆ, ತಾನು ಯಾರಿಗೂ ಬೇಡದವನೆಂದು ಅನಿಸುತ್ತಿದ್ದರೆ, ಓದಿದ ಸಾಲು ತಲೆಗೆ ಹೋಗದೆ ಅದನ್ನೇ ಮತ್ತೆ ಮತ್ತೆ ಓದಬೇಕಾಗಿ ಬಂದರೆ, ಅದು ಬೇಸರವಲ್ಲ, ಕಾಯಿಲೆ. ಆಗ ಸುಭಾಷಿತ ಹಿಡಿದುಕೊಂಡು ಬರಬೇಡಿ, ವೈದ್ಯರ ಬಳಿ ಕರೆದುಕೊಂಡು ಹೋಗಿ.

ಥೈರಾಯ್ಡ್ ಗ್ರಂಥಿ ಮಂದವಾದರೆ, ರಕ್ತ ಕಡಿಮೆಯಾದರೆ, ಬಿ-12 ಜೀವಸತ್ವದ ಕೊರತೆಯಾದರೆ ಕೂಡ ಉತ್ಸಾಹ ಇಂಗುತ್ತದೆ. ಶುದ್ಧ ಸಸ್ಯಾಹಾರಿಗಳಲ್ಲಿ ಈ ಬಿ-12 ಕೊರತೆ ಸಾಮಾನ್ಯ. ಇವನ್ನೆಲ್ಲ ರಕ್ತಪರೀಕ್ಷೆಯಿಂದ ತಿಳಿಯಬಹುದು. ಕಿವಿ ಮಂದವಾದ ಹಿರಿಯರು ಮಾತಿನಿಂದ ದೂರ ಸರಿದು ಮಂಕಾಗಿರುವುದೂ ಉಂಟು.

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆದ ಮಾನಸಿಕ ಆರೋಗ್ಯ ಸಮೀಕ್ಷೆ ಒಂದು ಕಹಿ ಸತ್ಯವನ್ನು ಮುಂದಿಟ್ಟಿತು. ಖಿನ್ನತೆಯಿಂದ ನರಳುವ ಹತ್ತು ಮಂದಿಯಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಇದಕ್ಕೆ ವೈದ್ಯರ ಕೊರತೆಯಷ್ಟೇ ಕಾರಣವಲ್ಲ. ‘ಧೈರ್ಯ ತೆಗೆದುಕೋ’, ‘ಒಳ್ಳೆಯದನ್ನೇ ಯೋಚಿಸು’, ‘ಈ ಪುಸ್ತಕ ಓದು, ಸರಿಹೋಗುತ್ತದೆ’ ಎನ್ನುವ ನಮ್ಮ ಬಾಯಿಮಾತೂ ಕಾರಣ. ಕಾಲು ಮುರಿದವನಿಗೆ ಪರ್ವತ ಏರಿದವರ ಕಥೆ ಹೇಳಿದರೆ ಮೂಳೆ ಕೂಡೀತೇ? ಮೊದಲು ಮೂಳೆ ಕೂಡಲಿ. ಆಮೇಲೆ ನಡಿಗೆ ಕಲಿಯುವಾಗ ಕಥೆ ಬೇಕಾಗುತ್ತದೆ. ಚಿಕಿತ್ಸೆಯ ಜತೆಗೆ, ಚಿಕಿತ್ಸೆಯ ನಂತರ ಓದು ಒಳ್ಳೆಯ ಜತೆಗಾರ. ಚಿಕಿತ್ಸೆಯ ಜಾಗವನ್ನು ಅದು ತುಂಬಲಾರದು.

ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲೂ ಮಾತಾಡಬಹುದು. ಬದುಕು ಸಾಕೆಂಬ ಮಾತು ಯಾರ ಬಾಯಿಂದ ಬಂದರೂ, ತಮಾಷೆಗೆ ಬಂದಂತೆ ಕಂಡರೂ, ಹಗುರವಾಗಿ ತೆಗೆದುಕೊಳ್ಳಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರನ್ನು ಕಾಣಿಸಿ.

ಉಳಿದವರಿಗೆಲ್ಲ, ಅಂದರೆ ಕಾಯಿಲೆಯಿಲ್ಲದೆಯೂ ಖುಷಿ ಮರೆತಿರುವ ನಮ್ಮಂಥ ಬಹುಸಂಖ್ಯಾತರಿಗೆ, ಒಂದು ವಿನಂತಿ. ಈ ಭಾನುವಾರ ಊಟವಾದ ಮೇಲೆ ಟಿ.ವಿ. ಹಾಕುವ ಮೊದಲು ಕಪಾಟಿನಿಂದ ಒಂದು ಪುಸ್ತಕ ತೆಗೆಯಿರಿ. ಮನೆಯಲ್ಲಿರುವವರನ್ನು ಹತ್ತಿರ ಕರೆಯಿರಿ. ನಾಲ್ಕು ಪುಟ ದೊಡ್ಡದಾಗಿ ಓದಿ. ಯಾರಾದರೂ ನಡುವೆ ಬಾಯಿ ಹಾಕಿ ಅರ್ಥ ಕೇಳಿದರೆ ಸಿಟ್ಟಾಗಬೇಡಿ, ಮನೋರಮೆಯೂ ಹಾಗೆಯೇ ಕೇಳಿದ್ದಳು. ಯಾರೂ ಕೇಳದಿದ್ದರೂ ಚಿಂತೆಯಿಲ್ಲ, ನಿಮ್ಮ ಕಿವಿಗಾದರೂ ಬಿದ್ದೀತು. ಎರಡು ವಾರ ಹೀಗೆ ಮಾಡಿದ ಮೇಲೆ, ಯಾವ ಕೆಲಸದಲ್ಲಿ ಖುಷಿ ಸಿಕ್ಕಿತೆಂದು ನಿಮ್ಮನ್ನು ನೀವೇ ಮತ್ತೊಮ್ಮೆ ಕೇಳಿಕೊಳ್ಳಿ. ಉತ್ತರ ಮೊದಲಿಗಿಂತ ಬೇಗ ಹೊಳೆಯಬಹುದು.